ಹಾಲೇಶನ ಜೊತೆ ಓಡಾಡಿದ ಮೆಕ್ಕೆಜೋಳದ ಸುಗ್ಗಿ

ಹೋದ ವಾರ ಜಗಳೂರಿನ ನನ್ನ ಅಂಗಡಿ ಮುಂದೆ ಹೊಸ ಗೋಣಿಚೀಲದ ಬೇಲು, ಅಂದರೆ ಪಟ್ಟಿ ಬಿಗಿದ ದೊಡ್ಡ ಕಟ್ಟು, ಇಳಿಸಿದರು. ಪಟ್ಟಿ ಕತ್ತರಿಸಿದ ಕೂಡಲೇ ಒಳಗಿನ ಸೀಮೆಎಣ್ಣೆಯಂಥ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಇಪ್ಪತ್ತು ವರ್ಷದಿಂದ ಚೀಲದ ವ್ಯಾಪಾರ ಮಾಡುತ್ತಿದ್ದೇನೆ, ಆ ವಾಸನೆ ನನಗೆ ಊಟದ ವಾಸನೆಯಿದ್ದ ಹಾಗೆ. ಆದರೂ ವರ್ಷಕ್ಕೆ ಒಂದೆರಡು ಸಲ ಅದು ನನ್ನನ್ನು ಹಿಡಿದು ಕೂರಿಸಿಬಿಡುತ್ತದೆ. ಹೊಸ ಚೀಲದ ಮೇಲೆ ರಕ್ತ ಬಿದ್ದರೆ ಅದು ಹರಡುವುದಿಲ್ಲ, ಎಳೆಯೊಳಗೆ ಇಳಿದು ಕಂದುಬಣ್ಣದ ಚುಕ್ಕೆಯಾಗಿ ನಿಂತುಬಿಡುತ್ತದೆ. ಅದು ನನಗೆ ಗೊತ್ತಾದದ್ದು ಒಂಬತ್ತು ವರ್ಷದ ಹಿಂದಿನ ಸುಗ್ಗಿಯಲ್ಲಿ. ಆಗ ನನಗೆ ಮೂವತ್ತನಾಲ್ಕು.

ನಿಮ್ಮಲ್ಲಿ ಯಾರಾದರೂ ನಿಮಗಿಂತ ಚೆಂದದವರ ಜೊತೆ ಓಡಾಡುತ್ತಿದ್ದರೆ ಇದನ್ನು ಪೂರ್ತಿ ಓದಿ. ಪುಕ್ಕಟೆ ಹೇಳುತ್ತಿದ್ದೇನೆ. ನಾನು ಪುಕ್ಕಟೆ ಏನನ್ನೂ ಕೊಡುವವಳಲ್ಲ ಎನ್ನುವುದು ನಮ್ಮ ಕಡೆಯವರಿಗೆ ಗೊತ್ತು.

ನಾನು ನೋಡಲು ಚೆನ್ನಾಗಿಲ್ಲ. ಅಯ್ಯೋ ಅನ್ನಿಸಿಕೊಳ್ಳಲು ಹೇಳುತ್ತಿಲ್ಲ, ಮಾಲು ಹೆಂಗಿದೆಯೋ ಹಾಗೆ ಹೇಳುತ್ತಿದ್ದೇನೆ. ಮೇಲಿನ ಹಲ್ಲು ತುಟಿ ದಾಟಿ ಬಂದಿವೆ, ಎಡಗಣ್ಣು ಸ್ವಲ್ಪ ಓರೆ, ದಬ್ಬಣ ಹಿಡಿದು ಹಿಡಿದು ಬೆರಳುಗಳು ಗಂಡಸಿನ ಬೆರಳಾಗಿವೆ. ಹರಿದ ಚೀಲ ಹೊಲಿಯುವ ಕೂಲಿಯಾಗಿ ಶುರು ಮಾಡಿದವಳು ನಾನು. ಚನ್ನಗಿರಿಯ ಅಡಿಕೆ ಮಂಡಿಗಳಲ್ಲಿ ಹಳೇ ಚೀಲ ಹಿಡಿದು, ತೇಪೆ ಹಾಕಿಸಿ, ಜಗಳೂರಿನ ಮೆಕ್ಕೆಜೋಳದವರಿಗೆ ಮಾರುತ್ತಾ ಸ್ವಂತ ಗೋದಾಮು ಮಾಡಿಕೊಂಡೆ, ಸ್ವಂತ ಲಗೇಜ್ ಗಾಡಿ ಕೊಂಡೆ. ಮದುವೆಯೊಂದು ಆಗಲಿಲ್ಲ. ಐದು ಗಂಡು ಬಂದು ನೋಡಿ ಹೋದವು. ಐದನೆಯವನು ಉಪ್ಪಿಟ್ಟು ತಿಂದು, ಕೈ ತೊಳೆದು, ನನ್ನ ತಂಗಿಯನ್ನು ಕೇಳಿದ. ಅವತ್ತು ತಟ್ಟೆ ಎಸೆದೆ. ಅವನ ಹಣೆಗೆ ತಾಗಿತು. ಆಮೇಲೆ ಆರನೆಯವನು ಬರಲಿಲ್ಲ.

ಆ ವರ್ಷ ದಸರಾ ಮುಗಿದ ಮೇಲೆ ಮಳೆ ಒಮ್ಮೆಲೇ ನಿಂತು ಬಿಸಿಲು ಬಿತ್ತು. ಜಗಳೂರಿನ ರಸ್ತೆ ತುಂಬಾ ಮೆಕ್ಕೆಜೋಳ ಹರವಿದ್ದರು, ಬಸ್ಸಿಗೆ ಅರ್ಧ ರಸ್ತೆಯೂ ಇರಲಿಲ್ಲ. ಹಾಲೇಶ ಬಂದದ್ದು ಆಗ. ನ್ಯಾಮತಿಯವನು, ಟ್ರ್ಯಾಕ್ಟರಿಗೆ ಒಕ್ಕಣೆ ಮಷಿನ್ ಕಟ್ಟಿಕೊಂಡು ಸುಗ್ಗಿ ಎಲ್ಲಿದೆಯೋ ಅಲ್ಲಿಗೆ ಹೋಗುವವನು. ಚೀಲ ಕೇಳಿದ. ನಾನು ಎಂದಿನಂತೆ ಒಂದೂವರೆ ಪಟ್ಟು ಹೇಳಿದೆ.

"ಆತು, ಹಾಕ್ರಿ," ಎಂದ.

ಚೌಕಾಸಿ ಮಾಡದವನನ್ನು ಕಂಡರೆ ನನಗೆ ಭಯ. "ಏನ್ರಿ, ಹೇಳಿದ್ದಕ್ಕೆ ಒಪ್ಕಂಡು ಬಿಡೋದಾ? ಕೈಯಾಗಿನ ಚೀಲ ನೋಡ್ರಿ, ಮೂಲೆ ಹರಿದೈತೆ. ಕಡಿಮೆ ಕೇಳ್ರಿ," ಎಂದು ನಾನೇ ಬೈದೆ. ಆಮೇಲೆ ತಲೆ ಎತ್ತಿ ಅವನ ಮುಖ ನೋಡಿದೆ.

ಹೆಂಗಿದ್ದ ಅಂತ ಹೇಳುವುದು ಕಷ್ಟ. ಅವನು ಹೋಟೆಲಿಗೆ ಹೋದರೆ ಚಹಾ ಲೋಟ ಒರೆಸಿ ಕೊಡುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಅವನಿಗೆ ಚಿಲ್ಲರೆ ಬಾಕಿ ಉಳಿಸುತ್ತಿರಲಿಲ್ಲ. ಮುದುಕಿಯರು ತಾವಾಗಿಯೇ ಮಾತಾಡಿಸಿ ಊರು ಕೇಳುತ್ತಿದ್ದರು. ಮುಖ ತುಂಬಾ ಜೋಳದ ಹೊಟ್ಟು ಮೆತ್ತಿಕೊಂಡಿದ್ದರೂ ಅವನು ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ.

ಹದಿನೈದು ದಿನದಲ್ಲಿ ನಾವು ಜೊತೆಯಲ್ಲಿ ಓಡಾಡತೊಡಗಿದೆವು. ಮಷಿನ್ನಿಗೆ ಕೆಲಸ ಇಲ್ಲದ ದಿನ ನನ್ನ ಗಾಡಿ ಹತ್ತುತ್ತಿದ್ದ. ಚನ್ನಗಿರಿಗೆ ಚೀಲಕ್ಕೆ ಹೋದರೆ ವಾಪಸ್ ಬರುವಾಗ ಸೂಳೆಕೆರೆ ಏರಿ ಮೇಲೆ ನಿಲ್ಲಿಸಿ, ಬಿಸಿ ಬಿಸಿ ಕರಿದ ಮೀನು ಕಟ್ಟಿಸಿಕೊಂಡು ನೀರು ನೋಡುತ್ತಾ ತಿನ್ನುತ್ತಿದ್ದೆವು. ಒಂದು ದಿನ ಕೇಳಿಯೇಬಿಟ್ಟೆ: "ನನ್ನಾಗೆ ಏನು ನೋಡ್ದೆ?"

ಮುಳ್ಳು ತೆಗೆಯುತ್ತಾ ಹೇಳಿದ: "ಎಲ್ರೂ ನನ್ನ ಮುಖ ನೋಡ್ಕೊಂಡು ಮಾತಾಡ್ತಾರೆ, ರೇಣು. ನೀನು ಚೀಲ ನೋಡ್ಕೊಂಡು ಮಾತಾಡಿದೆ. ಹಾಯಾತು."

ಸುಗ್ಗಿ ಮುಗಿದ ಮೇಲೆ ಮದುವೆ ಎಂದು ಅಲ್ಲೇ ಮಾತಾಯಿತು. ದೊಡ್ಡ ಶಾಸ್ತ್ರ ಏನಿಲ್ಲ, ನ್ಯಾಮತಿಯ ಅವನ ಅಕ್ಕನ ಮನೆಯಲ್ಲಿ ನಾಲ್ಕು ಜನರ ಮುಂದೆ. ಅವನ ಮಾತನ್ನು ಅವತ್ತೇ ನಂಬಿ, ಮೀನು ಮುಗಿಸಿ, ಕೈ ತೊಳೆದುಕೊಂಡು ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ನಾನು ವ್ಯಾಪಾರದವಳು. ಇಷ್ಟು ಸಸ್ತಾ ಸಿಕ್ಕಿದ್ದರಲ್ಲಿ ಏನೋ ಮೋಸ ಇರಲೇಬೇಕು ಎನ್ನಿಸಿತು.

ಚನ್ನಗಿರಿಯ ಒಂದು ಮಂಡಿಯ ಗುಮಾಸ್ತ ಇದ್ದ. ಹತ್ತು ವರ್ಷದ ಪರಿಚಯ. ಒಂದು ದಿನ ನನ್ನ ಜೊತೆ ಬಂದಿದ್ದ ಹಾಲೇಶನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಏನ್ರಿ ರೇಣಕ್ಕ, ಚೀಲದ ಯಾಪಾರದಾಗೆ ಇಂಥಾ ಮಾಲೂ ಸಿಗ್ತೈತೇನು? ಎಷ್ಟಕ್ಕೆ ಹಿಡಿದ್ರಿ? ನಮಗೂ ಹೇಳ್ರಿ, ನಮ್ಮ ಹುಡುಗೀರೂ ಅದಾರೆ," ಎಂದ. ಹಮಾಲರೆಲ್ಲ ನಕ್ಕರು. ಚೀಲದ ಕಟ್ಟು ನನ್ನ ಕೈಯಲ್ಲಿತ್ತು. ಹಗ್ಗ ಬಿಗಿದ ಇಪ್ಪತ್ತೈದು ಚೀಲದ ಕಟ್ಟು, ಕಲ್ಲಿಗೇನೂ ಕಡಿಮೆಯಲ್ಲ. ಬೀಸಿದೆ. ಅವನು ತಕ್ಕಡಿ ಮೇಲೆ ಬಿದ್ದು ತುಟಿ ಒಡೆಯಿತು, ಅಡಿಕೆ ರಾಶಿಯ ಮೇಲೆಲ್ಲ ಉಗುಳು, ರಕ್ತ. ಮತ್ತೆ ಎತ್ತುವಷ್ಟರಲ್ಲಿ ಹಾಲೇಶ ಸೊಂಟ ಹಿಡಿದು ಎಳೆದುಕೊಂಡು ಹೊರಗೆ ಬಂದ.

ಗಾಡಿಯಲ್ಲಿ ಕುಳಿತ ಮೇಲೆ, "ನೀನೂ ನಕ್ಕೆ," ಎಂದೆ.

"ಇಲ್ಲ ರೇಣು."

"ನಕ್ಕೆ. ನಾ ನೋಡ್ದೆ." ಅವನ ತೋಳಿಗೆ ಮುಷ್ಟಿ ಕಟ್ಟಿ ಹೊಡೆದೆ. ಒಂದಲ್ಲ, ನಾಲ್ಕೈದು. ಗಾಡಿ ಅವನೇ ಓಡಿಸುತ್ತಿದ್ದ. ರಸ್ತೆ ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿ, "ಈಗ ಹೊಡಿ. ಓಡಿಸ್ತಿದ್ದಾಗ ಬ್ಯಾಡ, ಎದುರಿಗೆ ಬಸ್ ಬರ್ತಿರ್ತಾವೆ," ಎಂದ.

ಆ ಮಾತಿಗೆ ನಗು ಬಂತು. ಹೊಡೆಯುವುದು ನಿಲ್ಲಿಸಿದೆ. ಆದರೆ ಹೊಡೆದಾಗ ಅವನು ತಿರುಗಿ ಹೊಡೆಯುವುದಿಲ್ಲ ಎನ್ನುವುದು ನನ್ನ ತಲೆಯಲ್ಲಿ ಉಳಿಯಿತು. ಇದು ಕೆಟ್ಟ ತಿಳಿವಳಿಕೆ. ಯಾರಿಗೂ ಬರಬಾರದು.

ಈಗ ನನ್ನ ಕಸುಬಿನ ಒಂದು ಲೆಕ್ಕಾಚಾರ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಚೀಲ ಕೊಳ್ಳಲು ಬಂದವನು ಸವರಿ ನೋಡಿ "ಚೆನ್ನಾಗೈತೆ" ಎಂದರೆ ಅವನು ಕೊಳ್ಳುವುದಿಲ್ಲ, ಹಾಗೆಯೇ ಮನೆಗೆ ಹೋಗುತ್ತಾನೆ. ತೂತಿಗೆ ಬೆರಳು ತೂರಿಸಿ ಮೂಗು ಮುರಿಯುವವನೇ ಕೊಳ್ಳುವವನು. ಅವನ ಮೇಲೆ ಕಣ್ಣಿಡಬೇಕು. ಈ ಲೆಕ್ಕ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದನ್ನೇ ಹಾಲೇಶನ ಸುತ್ತಲಿನ ಹೆಂಗಸರಿಗೂ ಹಚ್ಚಿದೆ. ಅವನನ್ನು ಹೊಗಳುವವರ ಚಿಂತೆ ಬಿಟ್ಟೆ. ನೆಂಟಸ್ತನ ಮಾತಾಡಲು ನ್ಯಾಮತಿಗೆ ಹೋದಾಗ ಅವನ ಅಕ್ಕ ಗಿರಿಜಕ್ಕ ನನ್ನ ಕೈ ಹಿಡಿದು ನೋಡಿ, "ದುಡಿದ ಕೈ. ಇಂಥವರೇ ಬೇಕಿತ್ತು ನಮಗೆ," ಎಂದು ಹೊಗಳಿದರು. ಅದೇ ಲೆಕ್ಕ ಇಲ್ಲಿಗೂ ಹಚ್ಚಿದೆ. ಹೊಗಳಿದರು ಅಂದರೆ ಇವರಿಗೆ ನಾನು ಬೇಡ. ಆ ಸಂಜೆ ಬಸ್ ಸ್ಟ್ಯಾಂಡಿನಲ್ಲೇ ಹಾಲೇಶನ ಅಂಗಿ ಕಾಲರು ಹಿಡಿದು ಜಗ್ಗಾಡಿದೆ. ಹೊಲಿಗೆ ಪರ್ರನೆ ಕಿತ್ತು ಬಂತು. ಜನ ಸೇರಿದರು. ಅವನು ಜನಕ್ಕೆ, "ಏನಿಲ್ರಿ, ಹುಷಾರಿಲ್ಲ ಇವ್ರಿಗೆ," ಎಂದು ಹೇಳಿ ನನ್ನನ್ನು ಬಸ್ಸು ಹತ್ತಿಸಿದ.

ಆ ಕಾಲರೇ ಮುಂದಿನದಕ್ಕೆಲ್ಲ ಕಾರಣ.

ಡಿಸೆಂಬರ್ ಹೊತ್ತಿಗೆ ಜಗಳೂರಿನ ಒಕ್ಕಣೆ ಮುಗಿದು ಕೆಲಸ ಹೊನ್ನಾಳಿ ಕಡೆಗೆ ಸರಿಯಿತು. ಹೊಳೆ ರಸ್ತೆಯಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದು, ಚೀಲ ಹೊಲಿಯುವ ಹೆಂಗಸರನ್ನೂ ಹಮಾಲಿ ಇಮಾಮಣ್ಣನನ್ನೂ ಅಲ್ಲಿಗೇ ಕರೆದುಕೊಂಡು ಹೋದೆ. ಹೊಲಿಯುವವರಲ್ಲಿ ಲಲಿತಾ ಎನ್ನುವವಳೊಬ್ಬಳು. ಗಂಡ ಬಿಟ್ಟವಳು, ನನಗಿಂತ ಆರೇಳು ವರ್ಷ ಚಿಕ್ಕವಳು, ಲಕ್ಷಣವಾಗಿದ್ದಳು. ಬೇರೆಯವರೆಲ್ಲ ಹಾಲೇಶನನ್ನು ಹೊಗಳಿದರೆ ಇವಳೊಬ್ಬಳೇ ಹುಳುಕು ತೆಗೆಯುತ್ತಿದ್ದಳು.

"ಏನು ನಡಿಗೇನೋ ನಿಮ್ಮ ಹಾಲೇಶಣ್ಣಂದು. ಕೆಸರಾಗೆ ಕಾಲು ಕೀಳ್ತಾ ಬಂದಂಗೆ."

"ಉಣ್ಣೋವಾಗ ಆ ಸಪ್ಪಳ ಕೇಳಿದೀರಾ ಅಕ್ಕ? ಎಮ್ಮೆ ಕಲಗಚ್ಚು ಕುಡದಂಗೆ."

"ನಿಮ್ಮಂಥೋರು ಹೆಂಗೆ ಒಪ್ಪಿದ್ರೋ ಏನೋ. ಮೂಗು ನೋಡ್ರಿ ಅವರದ್ದು, ಮುಖಕ್ಕಿಂತ ಮುಂಚೆ ಬರ್ತೈತೆ."

ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೇ ಎಣಿಸುತ್ತಿದ್ದೆ: ನಡಿಗೆ ನೋಡಿದ್ದಾಳೆ, ಊಟ ನೋಡಿದ್ದಾಳೆ, ಮೂಗು ನೋಡಿದ್ದಾಳೆ. ಇವಳೇ ಕೊಳ್ಳುವವಳು.

ಅವತ್ತು ಮಧ್ಯಾಹ್ನ ಊಟಕ್ಕೆ ಹೊಲಿಯುವ ಹೆಂಗಸರು ಹೊಳೆ ದಡಕ್ಕೆ ಹೋಗಿದ್ದರು. ಇಮಾಮಣ್ಣನ ಜೊತೆ ಚೀಲದ ಲೋಡು ಇಳಿಸಿ, ಅವನನ್ನು ಗಾಡಿ ಹತ್ತಿರ ಬಿಟ್ಟು ನಾನು ಶೆಡ್ಡಿನ ಬಾಗಿಲಿಗೆ ಬಂದೆ. ಕೈಯಲ್ಲಿ ಇಮಾಮಣ್ಣನ ಕೊಕ್ಕೆಯಿತ್ತು. ಹಮಾಲರು ಚೀಲಕ್ಕೆ ಸಿಕ್ಕಿಸಿ ಎಳೆಯುವ, ಬೆರಳಷ್ಟು ದಪ್ಪದ, ಮೂತಿ ಚೂಪಾದ ಕಬ್ಬಿಣದ ಕೊಕ್ಕೆ. ಒಳಗೆ ಹೊಸ ಬೇಲಿನ ಮೇಲೆ ಹಾಲೇಶ ಕುಳಿತಿದ್ದ. ಲಲಿತಾ ಅವನ ಮುಂದೆ ನಿಂತು, ಅವನ ಕೊರಳ ಹತ್ತಿರ ಬಗ್ಗಿ, ಹಲ್ಲಿನಿಂದ ದಾರ ಕಚ್ಚುತ್ತಿದ್ದಳು. ನಾನು ಕಿತ್ತ ಕಾಲರನ್ನು ಹೊಲಿದು ಮುಗಿಸಿದ್ದಳು ಅಷ್ಟೇ. ಅದು ನನಗೆ ಕಂಡಿತು. ಕಂಡೂ ನಿಲ್ಲಲಿಲ್ಲ.

ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದೆ. ನೆಲಕ್ಕೆ ಬಿದ್ದಳು. ಬೆನ್ನಿಗೆ, ಪಕ್ಕೆಗೆ ಒದ್ದೆ. "ಅಕ್ಕಾ, ಅಕ್ಕಾ" ಎನ್ನುತ್ತಿದ್ದಳು ಹೊರತು ಕೈ ಎತ್ತಲಿಲ್ಲ, ಅದು ನನಗೆ ಇನ್ನೂ ಸಿಟ್ಟು ತರಿಸಿತು. ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ನೆಲಕ್ಕೆ ಬಡಿದೆ. ಕೂದಲು ಬೇರುಸಹಿತ ಒಂದು ಹಿಡಿ ಕೈಗೆ ಬಂತು. "ಮೂಗು ಉದ್ದ ಐತಾ? ಹತ್ರದಿಂದ ಅಳೀತಿದ್ದೇನೇ?" ಎಂದು ಕೂಗುತ್ತಿದ್ದೆನಂತೆ. ಇಮಾಮಣ್ಣ ಆಮೇಲೆ ಹೇಳಿದ್ದು.

ಹಾಲೇಶ ನಡುವೆ ಬಂದ. ಮೊದಲ ಸಲ ಅವನ ದನಿ ಏರಿತು: "ರೇಣು! ಬಿಡು, ಸಾಯ್ತಾಳೆ!" ನನ್ನ ಎಡಗೈ ಹಿಡಿದ. ಬಲಗೈಯಲ್ಲಿ ಕೊಕ್ಕೆ ಇತ್ತು. ಅವನಿಗೇ ಬೀಸಿದೆನೋ, ಬಿಡಿಸಿಕೊಳ್ಳಲು ಬೀಸಿದೆನೋ ಎಂದು ಒಂಬತ್ತು ವರ್ಷದಿಂದ ನನಗೆ ನಾನೇ ವಾದ ಮಾಡಿಕೊಂಡಿದ್ದೇನೆ. ಎರಡೂ ಕಡೆ ವಾದ ಮಾಡುವುದು ನನಗೆ ಬರುತ್ತದೆ, ಹಾಗಾಗಿ ತೀರ್ಮಾನ ಆಗುವುದಿಲ್ಲ. ಕೊಕ್ಕೆಯ ಮೂತಿ ಅವನ ಕಿವಿಯ ಕೆಳಗೆ ಇಳಿದು, ಚೀಲ ಸೀಳುವ ಹಾಗೆ ಕೆನ್ನೆ ಸೀಳಿಕೊಂಡು ತುಟಿಯ ಮೂಲೆಯಲ್ಲಿ ಹೊರಗೆ ಬಂತು.

ಅವನು ಕೂಗಲಿಲ್ಲ. ಕೆನ್ನೆಗೆ ಅಂಗೈ ಒತ್ತಿ ಬೇಲಿನ ಮೇಲೆ ಕುಳಿತ. ಬೆರಳ ಸಂದಿಯಿಂದ ರಕ್ತ ಸುರಿದು ಹೊಸ ಚೀಲದ ಮೇಲೆ ಬಿತ್ತು.

ಹೊನ್ನಾಳಿಯ ಆಸ್ಪತ್ರೆಗೆ ಅದೇ ಲಗೇಜ್ ಗಾಡಿಯಲ್ಲಿ ಇಮಾಮಣ್ಣ ಕರೆದುಕೊಂಡು ಹೋದ. ಹಿಂದೆ ಹಾಲೇಶ, ಲಲಿತಾ, ನಾನು. ಡಾಕ್ಟರು ಹೆಂಗಾಯಿತು ಎಂದಾಗ ಹಾಲೇಶ ಹಾಳೆಯ ಮೇಲೆ ಬರೆದು ತೋರಿಸಿದ: ಮಷಿನ್ ಬೆಲ್ಟು ಹೊಡೆಯಿತು. ಲಲಿತಾ, "ಮೆಟ್ಲು ಜಾರಿ ಬಿದ್ದೆ," ಎಂದಳು. ಇಬ್ಬರೂ ನನ್ನ ಮುಖ ನೋಡಲಿಲ್ಲ.

ಒಳಗೆ ಹೊಲಿಗೆ ಹಾಕುತ್ತಿದ್ದಾಗ ಹೊರಗಿನ ಬೆಂಚಿನಲ್ಲಿ ನಾನೂ ಲಲಿತಾಳೂ. ತಲೆಗೆ ಹತ್ತಿ ಒತ್ತಿ ಹಿಡಿದಿದ್ದಳು. ಸುಮ್ಮನಿರಲಾರದೆ ಕೇಳಿದೆ: "ಅವನ ಮೇಲೆ ಮನಸಿಲ್ದೆ ಅಷ್ಟೊಂದು ಹುಳುಕು ಯಾಕೆ ತೆಗೀತಿದ್ದೆ?"

ಹತ್ತಿಯನ್ನು ಮಗುಚಿ ಒತ್ತಿಕೊಂಡಳು. ಆಮೇಲೆ, "ಎಲ್ರೂ ಅವರನ್ನ ಚೆಂದ ಅಂದಾಗೆಲ್ಲ ನಿಮ್ಮ ಮುಖ ಸಣ್ಣದಾಗ್ತಿತ್ತು ಅಕ್ಕ," ಎಂದಳು. "ನಾನು ಹಂಗಂದ್ರೆ ನೀವು ಒಂಚೂರು ನಗ್ತಿದ್ರಿ. ನಗಲಿ ಅಂತ ಅಂದೆ. ಅವರ ಮೂಗು ಎಷ್ಟುದ್ದ ಐತೆ ಅಂತ ನಾನೇನು ಕಂಡೆ?"

ಓದುವವರೇ, ನಾನು ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಆ ಬೆಂಚಿನಲ್ಲಿ ನನಗೆ ಬುದ್ಧಿ ಹೇಳಲು ಯಾರೂ ಬೇಕಾಗಿರಲಿಲ್ಲ. ಒಂದು ಮಾತು ಮಾತ್ರ ಹೇಳಿಟ್ಟಿರುತ್ತೇನೆ: ಸಂತೆಯ ಜಾಣತನವನ್ನು ಸಂತೆಯಲ್ಲೇ ಬಿಟ್ಟು ಬನ್ನಿ. ನಿಮ್ಮ ಜೊತೆಗಿರುವವರು ಚೆಂದ ಇದ್ದರೆ ಇರಲಿ. ಜಗತ್ತು ಅವರನ್ನು ನೋಡಿದರೆ ನೋಡಲಿ. ನಿಮ್ಮಿಂದ ಯಾರೂ ಏನೂ ಕಿತ್ತುಕೊಳ್ಳುತ್ತಿಲ್ಲ.

ಐದನೇ ದಿನ ಡ್ರೆಸ್ಸಿಂಗ್ ಬದಲಿಸುವಾಗ ನರ್ಸು ನನ್ನನ್ನು ಒಳಗೆ ಕರೆದರು. ಬ್ಯಾಂಡೇಜು ಬಿಚ್ಚಿದರು. ಹದಿನಾರು ಹೊಲಿಗೆ. ಕೆನ್ನೆ ಒಂದು ಕಡೆಗೆ ಎಳೆದುಕೊಂಡು, ತುಟಿಯ ಮೂಲೆ ಮೇಲೆದ್ದು, ಒಂದು ಹಲ್ಲು ಹೊರಗೆ ಕಾಣುತ್ತಿತ್ತು. ಮುಂಚಿನ ಮುಖ ಇನ್ನು ಬರುವುದಿಲ್ಲ ಎನ್ನುವುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹಾಲೇಶ ನನ್ನನ್ನೇ ನೋಡುತ್ತಿದ್ದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. ನೋವಿಗೆ ಎಂದುಕೊಂಡೆ.

ಗಾಯ ಮಾಗಲು ಅವನು ನ್ಯಾಮತಿಗೆ ಹೋದ. ಫೋನ್ ಎತ್ತಲಿಲ್ಲ. ಲಲಿತಾಳ ಮನೆಗೆ ಹೋಗಿ ಕಾಲು ಹಿಡಿದೆ. "ಕೆಲಸಕ್ಕೆ ಬರಲ್ಲ ಅಕ್ಕ, ಬ್ಯಾರೆ ಏನೂ ಇಲ್ಲ," ಎಂದು ಬಾಗಿಲು ಹಾಕಿಕೊಂಡಳು. ಸುಗ್ಗಿ ಮುಗಿಯಿತು. ಮಾತಾಗಿದ್ದ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ ಹಣ್ಣು, ಹೂವು, ಅವನಿಗೊಂದು ಜೊತೆ ಬಟ್ಟೆ ಕಟ್ಟಿಕೊಂಡು ನ್ಯಾಮತಿಯ ಬಸ್ಸು ಹತ್ತಿದೆ.

ಹಾಲೇಶ ಮನೆ ಮುಂದಿನ ಕಟ್ಟೆ ಮೇಲೆ ಬಿಸಿಲಿಗೆ ಕುಳಿತಿದ್ದ. ಹೊಲಿಗೆ ಬಿಚ್ಚಿದ್ದರು. ಕೆಂಪನೆ ಗೆರೆ ದಪ್ಪಗೆ ಊದಿಕೊಂಡಿತ್ತು. ಗಿರಿಜಕ್ಕ ಬಾಗಿಲಲ್ಲಿ ನಿಂತರು.

ನಾನು ಶುರು ಮಾಡಿದೆ. "ತಪ್ಪಾತು. ಪೊಲೀಸಿಗೆ ಹೇಳ್ತೀನಂದ್ರೆ ಹೇಳು, ನಾನೇ ಜೊತೆಗೆ ಬರ್ತೀನಿ. ಕೈ ಕಟ್ಟಿಹಾಕ್ಕೊಂಡು ಬಾಳು ಅಂದ್ರೂ ಬಾಳ್ತೀನಿ. ಏನು ಬೇಕು ಹೇಳು, ಚೌಕಾಸಿ ಮಾಡಲ್ಲ."

"ಕೊಕ್ಕೆ ಬೀಸಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ ರೇಣು," ಎಂದ. ಮಾತು ಒಂದು ಕಡೆಯಿಂದ ಸೋರಿದ ಹಾಗೆ ಬರುತ್ತಿತ್ತು. "ಸಿಟ್ಟಾಗೆ ಕೈ ಹೋತು. ಅದನ್ನ ನಾನು ಅವತ್ತೇ ಬಿಟ್ಟೆ. ಆದ್ರೆ ಆಸ್ಪತ್ರೆಯಾಗೆ ಬ್ಯಾಂಡೇಜು ಬಿಚ್ಚಿದ್ರಲ್ಲ, ಆಗ ನಾನು ನಿನ್ನ ಮುಖ ನೋಡ್ತಿದ್ದೆ. ನಿನ್ನ ಮುಖ ಅರಳ್ತು. ಮೂರು ತಿಂಗಳಾತು ನಾವು ಓಡಾಡಾಕೆ ಶುರು ಮಾಡಿ, ಒಂದು ದಿನಾನೂ ನನ್ನ ಅಷ್ಟು ನಿರಾಳವಾಗಿ ನೋಡಿದ್ದಿಲ್ಲ ನೀನು."

ಕೈಯಲ್ಲಿದ್ದ ಹಣ್ಣಿನ ಚೀಲ ಭಾರವಾಯಿತು.

ಗಿರಿಜಕ್ಕ ಮೆಟ್ಟಿಲಿಳಿದು ಬಂದರು. "ಇಲ್ಲ ಅನ್ನವ್ವ," ಎಂದರು. ದನಿಯಲ್ಲಿ ಬೇಡುವ ಹಾಗಿತ್ತು. "ಅವನು ಹಂಗೇನೋ ತಿಳ್ಕಂಡಾನೆ. ಸುಳ್ಳು ಅಂತ ಒಂದು ಮಾತು ಅನ್ನು, ಒಳಗೆ ಕರ್ಕೊಂಡು ಹೋಗ್ತೀನಿ. ನಾವು ನಿನ್ನ ಕೈ ನೋಡಿ ಒಪ್ಪಿದೋರು."

ದಿನಕ್ಕೆ ಇಪ್ಪತ್ತು ಸುಳ್ಳು ಹೇಳಿ ಮಾಲು ಸಾಗಿಸುವವಳು ನಾನು. ತೇಪೆ ಹಾಕಿದ ಚೀಲವನ್ನು ಹೊಸದು ಎಂದು ಆಣೆ ಮಾಡಿ ಮಾರಿದ್ದೇನೆ. ಅವತ್ತು ಬೇಕಾಗಿದ್ದದ್ದು ಒಂದೇ ಸುಳ್ಳು. ಬಾಯಿ ತೆರೆದೆ. ಆ ಬ್ಯಾಂಡೇಜು ಬಿಚ್ಚಿದ ಗಳಿಗೆ ಕಣ್ಣ ಮುಂದೆ ಬಂತು. ಆ ಸೊಟ್ಟ ತುಟಿ, ಹೊರಗೆ ಕಂಡ ಹಲ್ಲು. ಇನ್ನು ಇವನನ್ನು ಯಾರೂ ತಿರುಗಿ ನೋಡುವುದಿಲ್ಲ, ಇನ್ನು ಇವನು ನನ್ನವನೇ ಎಂದು ನನ್ನೊಳಗೆ ಒಂದು ಗಂಟು ಸಡಿಲವಾಗಿ ಬಿಚ್ಚಿಕೊಂಡದ್ದು ನೆನಪಾಯಿತು. ಹೌದು, ಖುಷಿಯಾಗಿತ್ತು. ಅದು ಮುಖದ ಮೇಲೆ ಬಂದಿತ್ತು ಎನ್ನುವುದು ಮಾತ್ರ ಆವರೆಗೂ ಗೊತ್ತಿರಲಿಲ್ಲ.

"ನಿಜ," ಎಂದೆ.

ಗಿರಿಜಕ್ಕ ಹೊಡೆದರು. ಕೆನ್ನೆಗೆ, ಕೈ ತುಂಬಾ. ಕಿವಿ ಗುಂಯ್ ಎಂದಿತು. ಹಣ್ಣು ಅಂಗಳದ ತುಂಬಾ ಉರುಳಿದವು. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ತಟ್ಟೆ ಎಸೆದವಳು, ಗುಮಾಸ್ತನ ತುಟಿ ಒಡೆದವಳು, ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದೆ. ನಾಲ್ಕನೆಯದಕ್ಕೆ ಹಾಲೇಶ ಎದ್ದು ಬಂದು ಅಕ್ಕನ ಕೈ ಹಿಡಿದ.

"ಬಿಡಕ್ಕ. ನಿಜ ಹೇಳಿದ್ಲಲ್ಲ."

ನನ್ನ ಕಡೆ ತಿರುಗಿ ನಗಲು ಹೋದ. ಅದೇ ಹಳೆಯ ನಗು, ಗಾಡಿ ಬದಿಗೆ ನಿಲ್ಲಿಸಿ ಹೊಡಿ ಎಂದಿದ್ದ ದಿನದ್ದು. ಅರ್ಧ ಮುಖಕ್ಕೆ ಬಂತು. ಇನ್ನರ್ಧಕ್ಕೆ ಬರಲಾಗದೆ ಗೆರೆಯ ಹತ್ತಿರ ತಡೆದು ನಡುಗಿತು. ನೋವಾಗಿರಬೇಕು, ಕೈ ಕೆನ್ನೆಗೆ ಹೋಯಿತು. ನಾನು ಏನು ಮಾಡಿದ್ದೇನೆ ಎಂದು ನನಗೆ ಕಂಡದ್ದು ಆಗಲೇ, ಆಸ್ಪತ್ರೆಯಲ್ಲಲ್ಲ. ನನ್ನ ಮುಖ ಈಗ ಹೆಂಗಿರಬಹುದು, ಅವನು ನೋಡಲಿ, ಒಮ್ಮೆ ಸರಿಯಾಗಿ ನೋಡಲಿ ಎಂದು ನಿಂತೆ.

ಅವನು ನೋಡಲಿಲ್ಲ. ಬಗ್ಗಿ ಹಣ್ಣುಗಳನ್ನು ಒಂದೊಂದಾಗಿ ಆರಿಸಿ, ಮಣ್ಣು ಒರೆಸಿ, ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟ.

"ಹತ್ತೂವರೆಗೆ ಬಸ್ ಐತೆ," ಎಂದ.